ಅವ್ವ ಹಚ್ಚಿದ ಹೂ

ನಮ್ಮ ಮನೆಯಲ್ಲಿ ಯಾವ ವಿಷಯವೂ ಮನುಷ್ಯರ ನಡುವೆಯೇ ತೀರ್ಮಾನವಾದದ್ದು ನನಗೆ ನೆನಪಿಲ್ಲ. ಮಾತು ಎಷ್ಟೇ ಬೆಳೆಯಲಿ, ಯಾರು ಎಷ್ಟೇ ಕೂಗಾಡಲಿ, ಕೊನೆಗೆ ಅಪ್ಪ ಧೋತರ ಝಾಡಿಸಿಕೊಂಡು ಎದ್ದು, "ನಾಳಿ ಮುಂಜಾನಿ ಹೂ ಹಚ್ಚಿ ಕೇಳೂಣು" ಎನ್ನುತ್ತಿದ್ದ. ಅಲ್ಲಿಗೆ ಎಲ್ಲರ ಬಾಯಿ ಬಂದ್.

ಇಂಡಿಯಲ್ಲಿ ಬಸ್ಸಿಳಿದು ಇನ್ನೊಂದು ಗಾಡಿ ಹಿಡಿಯಬೇಕಾದ ಊರು ನಮ್ಮದು. ಪಡಸಾಲೆಗೂ ಅಡುಗೆಮನೆಗೂ ನಡುವಿನ ಜಾಗದಲ್ಲಿ ದೇವರ ಜಗಲಿ. ಅದರ ಮೇಲೆ ಅಂಗೈ ಅಗಲದ ಹಿತ್ತಾಳೆಯ ಮುಖ: ದುಂಡು ಕಣ್ಣು, ದಪ್ಪ ಮೀಸೆ, ತಲೆಗೊಂದು ಪುಟ್ಟ ಕಿರೀಟ. ಅದೇ ನಮ್ಮ ಮನೆದೇವರು. ಪೂಜೆಯಾದ ಮೇಲೆ ಎರಡು ಕಣಗಿಲದ ಎಸಳನ್ನು ನೀರಿನಲ್ಲಿ ಅದ್ದಿ, ಕಿರೀಟದ ಆ ಬದಿಗೊಂದು ಈ ಬದಿಗೊಂದು ಅಂಟಿಸುವುದು. ಕೇಳಬೇಕಾದ್ದನ್ನು ಕೇಳಿ ಕೈಮುಗಿದು ಕೂರುವುದು. ನೀರು ಆರುತ್ತ ಆರುತ್ತ ಬಲಗಡೆಯ ಎಸಳು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ಹೂ ಹಚ್ಚುವವಳು ಅವ್ವ, ಕೇಳುವವನು ಅಪ್ಪ. ಅಪ್ಪ ಒಮ್ಮೆ ಕಣ್ಣು ಮುಚ್ಚಿದನೆಂದರೆ "ಕೊಟ್ಟೈತ್ರಿ" ಎಂದು ಅವ್ವ ಹೇಳುವ ತನಕ ತೆರೆಯುತ್ತಿರಲಿಲ್ಲ. ದೇವರು ವಿಚಾರ ಮಾಡುವಾಗ ಎದುರಿಗೆ ಕೂತು ಪಿಳಿಪಿಳಿ ನೋಡುವುದು ಮರ್ಯಾದೆಯಲ್ಲ ಎನ್ನುತ್ತಿದ್ದ.

ಬಾಗೇವಾಡಿ ಕಡೆಯಿಂದ ಎತ್ತು ತರುವುದಿರಲಿ, ಚಡಚಣದವರ ಮಾತು ಕೇಳಿ ಹೊಲದಲ್ಲಿ ದ್ರಾಕ್ಷಿ ಹಚ್ಚುವುದಿರಲಿ, ಎಲ್ಲಕ್ಕೂ ಹೂ. ನನ್ನ ಓದು ಒಂದು ಹಂತಕ್ಕೆ ಬಂದಾಗ ಮುದ್ದೇಬಿಹಾಳದಿಂದ ಸಂಬಂಧ ಬಂತು. ಹೊಲ, ಮನೆ, ಒಬ್ಬನೇ ಮಗ. ಅಪ್ಪನ ಜೀವ ಆಗಲೇ ಅರ್ಧ ಮುದ್ದೇಬಿಹಾಳ ಮುಟ್ಟಿತ್ತು. ಹೂ ಎಡಕ್ಕೆ ಬಿತ್ತು. ಮುಂದೆ ನನ್ನನ್ನು ವಿಜಯಪುರದ ಹಾಸ್ಟೆಲಿಗೆ ಹಾಕಿ ಫಾರ್ಮಸಿ ಓದಿಸಬೇಕೇ ಎಂದು ಕೇಳಿದಾಗ ಬಲಕ್ಕೆ ಬಿತ್ತು. ಎರಡೂ ಅಪ್ಪನ ಮನಸ್ಸಿಗೆ ಬಂದಿರಲಿಲ್ಲ. ಆದರೂ ತುಟಿ ಪಿಟ್ಟೆನ್ನದೆ ತಾನೇ ನನ್ನ ಟ್ರಂಕು ಹೊತ್ತು ಬಸ್ಸಿಗೆ ಏರಿಸಿದ.

ಆ ದಿನಗಳಲ್ಲಿ ನನ್ನಷ್ಟು ದೈವಭಕ್ತಿಯ ಹುಡುಗಿ ಇಡೀ ಇಂಡಿ ತಾಲ್ಲೂಕಿನಲ್ಲಿ ಇದ್ದಿರಲಾರಳು. ಪರೀಕ್ಷೆಗೆ ಹೋಗುವ ಮುನ್ನ ಆ ಹಿತ್ತಾಳೆಯ ಮೀಸೆಯನ್ನು ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುತ್ತಿದ್ದೆ. ಅಪ್ಪನೆದುರು ನನ್ನ ಪರವಾಗಿ ನಿಂತದ್ದು ಲೋಕದಲ್ಲಿ ಅದೊಂದೇ ಎಂದು ನಂಬಿದ್ದೆ.

ಮದುವೆಯಾಗಿ ಸಿಂದಗಿಗೆ ಬಂದ ಮೇಲೆ ಗಂಡ ಮತ್ತು ನಾನು ಮೆಡಿಕಲ್ ಅಂಗಡಿ ಹಾಕುವ ವಿಚಾರ ಮಾಡಿದೆವು. ನಾನು ತವರಿಗೆ ಓಡಿದೆ, ಅವ್ವನ ಕೈಲಿ ಹೂ ಹಚ್ಚಿಸಲು. ಅವ್ವ ನಕ್ಕು ನನ್ನನ್ನು ಜಗಲಿಯ ಮುಂದೆ ಕೂರಿಸಿಕೊಂಡಳು.

"ಇನ್ನ ನೀನ ಹಚ್ಚೂದು ಕಲಿ. ನಿನ್ನ ಮನಿಗೂ ಬೇಕಾಗ್ತೈತಿ. ಬೀಳಬೇಕಾದ್ದನ್ನ ಸೆರಗಿಲೆ ಸ್ವಲ್ಪ ಒರಸು. ಬೀಳಬಾರದ್ದನ್ನ ಚಲೋತ್ನ್ಯಾಗಿ ತೋಯಿಸಿ ಹೆಬ್ಬಟ್ಟಿಲೆ ಒತ್ತು."

ರೊಟ್ಟಿ ಬಡಿಯುವುದನ್ನು ಕಲಿಸಿದ ದನಿಯಲ್ಲೇ ಹೇಳಿದಳು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಅಂದ್ರ ಇಷ್ಟ ದಿನ ನೀನ..."

"ಮತ್ತ್ಯಾರು? ನಿಮ್ಮಪ್ಪನ ಕೂಡ ವಾದ ಮಾಡಿ ಗೆದ್ದವರು ಯಾರರೆ ಅದಾರೇನು? ದೇವ್ರಿಗೆ ಕೈ ಎಲ್ಲಿ ಅದಾವ? ನಮ್ಮ ಕೈನ ಅದರ ಕೈ."

ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗು ನಿಂತ ಮೇಲೆ ಒಳಗೆ ಏನೋ ಕಳಚಿಬಿದ್ದಂತಾಯಿತು. ಅವ್ವನ ಮೇಲೆ ಪ್ರೀತಿ ಉಕ್ಕಿತು, ಅಷ್ಟೇ ಸಿಟ್ಟೂ ಬಂತು. ನನ್ನನ್ನು ಉಳಿಸಿದ್ದು ಅವಳ ಬೆರಳು ಎಂದು ಮೊದಲೇ ಹೇಳಿದ್ದರೆ ಆ ಮೀಸೆಯ ಮುಂದೆ ಅಷ್ಟೊಂದು ಅಳುವ ಪ್ರಸಂಗ ಬರುತ್ತಿರಲಿಲ್ಲವಲ್ಲ. ಅಂದಿನಿಂದ ನಾನು ಕೈಮುಗಿಯುವುದನ್ನು ಬಿಟ್ಟೆ.

ಬಿಟ್ಟದ್ದಷ್ಟೇ ಅಲ್ಲ, ನಾಲಿಗೆಯೂ ಉದ್ದವಾಯಿತು. ಅಂಗಡಿಗೆ ಬಂದವರು "ಅಕ್ಕಾರ, ಅಮಾಸಿ ದಿವಸ ಈ ಗುಳಿಗಿ ಸುರು ಮಾಡಬಹುದೇನ್ರಿ?" ಎಂದು ಕೇಳಿದರೆ, "ಜ್ವರ ಅಮಾಸಿ ನೋಡಿ ಬಂದೈತೇನ್ರಿ?" ಎನ್ನುತ್ತಿದ್ದೆ. ದೇವರ ಮಾತು ಬಂದಾಗಲೆಲ್ಲ ನನ್ನದೊಂದು ಸಿದ್ಧ ಉತ್ತರವಿತ್ತು: "ಬರೇ ಹಿತ್ತಾಳಿ ರೀ ಅದು. ಹುಣಸಿಹಣ್ಣು ಹಚ್ಚಿದ್ರ ಹೊಳೀತೈತಿ, ಬಿಟ್ರ ಕಪ್ಪಾಗ್ತೈತಿ." ಗಿರಾಕಿಗಳು ಕೈತಪ್ಪುತ್ತಾರೆಂದು ಗಂಡ ಕಣ್ಸನ್ನೆ ಮಾಡುತ್ತಿದ್ದ. ಅವ್ವನೂ ಒಳಗೊಳಗೆ ನನ್ನ ಪಂಗಡದವಳೇ ಎಂದುಕೊಂಡಿದ್ದೆ. ಸೋಮವಾರದ ಅವಳ ಉಪವಾಸ, ಹೊತ್ತು ಮೂಡುವ ಮುನ್ನದ ಪೂಜೆ, ಎಲ್ಲ ಅಪ್ಪನಿಗಾಗಿ ಹೂಡಿದ ಆಟ ಎಂದೇ ನನ್ನ ಲೆಕ್ಕ.

ಹೋದ ವರ್ಷ ಅಪ್ಪನಿಗೆ ಎದೆನೋವು ಬಂತು. ಸೊಲ್ಲಾಪುರಕ್ಕೆ ಒಯ್ದೆವು. ರಕ್ತನಾಳಗಳು ಕಟ್ಟಿವೆ, ಎದೆ ತೆರೆದು ಆಪರೇಶನ್ ಮಾಡಬೇಕು ಎಂದರು ಡಾಕ್ಟರು. ಮಾಡದಿದ್ದರೆ ಬಹಳ ದಿನ ನಡೆಯುವುದಿಲ್ಲ. ಮಾಡಿದರೆ, ವಯಸ್ಸಾಗಿದೆ, ಸಕ್ಕರೆ ಕಾಯಿಲೆ ಬೇರೆ ಇದೆ, ಉಳಿಯುತ್ತಾರೆಂದು ಖಾತ್ರಿ ಕೊಡಲಾರೆ ಎಂದರು. ಅಪ್ಪ ಎಲ್ಲವನ್ನೂ ಕೇಳಿಸಿಕೊಂಡ. ಮನೆ ಮುಟ್ಟಿದ ಮೇಲೆ, "ಹೂ ಕೊಟ್ರ ಬರ್ತೇನಿ. ಇಲ್ಲಂದ್ರ ನನ್ನ ಮನ್ಯಾಗ ಇರ್ತೇನಿ" ಎಂದ.

ನನಗೆ ಇದರ ಚಿಂತೆಯೇ ಆಗಲಿಲ್ಲ. ಅವ್ವನ ಹೆಬ್ಬೆರಳು ಇತ್ತಲ್ಲ. ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಅವಳು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಾಗ ಹತ್ತಿರ ಹೋಗಿ ಪಿಸುಗುಟ್ಟಿದೆ.

"ಬಲಕ ಬೀಳೂಹಂಗ ಹಚ್ಚವ್ವಾ."

ಅವಳು ಬತ್ತಿಯಿಂದ ಕಣ್ಣೆತ್ತಲಿಲ್ಲ. "ಇಲ್ಲವಾ. ಈ ಸಲ ಖರೇನ ಕೇಳಾಕಿ ಅದೀನಿ."

ಚೇಷ್ಟೆ ಮಾಡುತ್ತಿದ್ದಾಳೆ ಅಂದುಕೊಂಡೆ. ಮುಖ ನೋಡಿದರೆ ಚೇಷ್ಟೆಯ ಸುಳಿವೇ ಇಲ್ಲ.

"ನಿನ್ನ ಸಾಲಿ, ನಿನ್ನ ಮದುವಿ, ಎತ್ತು, ಹೊಲ, ಅದೆಲ್ಲಾ ಏನ್ ಮಾಡಬೇಕಂತ ನನಗ ಗೊತ್ತಿತ್ತು. ಗೊತ್ತಿದ್ದದ್ದಕ್ಕ ದೇವ್ರಿಗೆ ಯಾಕ ತ್ರಾಸ ಕೊಡೂದು? ನಾನ ಒತ್ತಿದೆ. ಇದು ನನಗ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಮತ್ತ್ಯಾರನ್ನ ಕೇಳ್ಲಿ?"

"ಡಾಕ್ಟರ್ ಹೇಳ್ಯಾರಲ್ಲವ್ವಾ!"

"ಅವರೂ ಗೊತ್ತಿಲ್ಲ ಅಂದಾರ. ನೀನ ನಿಂತು ಕೇಳೀದಿ."

ಹುಟ್ಟಿದಾಗಿನಿಂದ ನೋಡಿದ ಹೆಂಗಸು ಬೇರೆ ಯಾರೋ ಆಗಿ ಎದುರಿಗೆ ಕೂತಿದ್ದಳು. ಕಷ್ಟಕಾಲಕ್ಕೆ ಬೇಕಾಗುತ್ತದೆಂದು ಬಂಗಾರವನ್ನು ಬಟ್ಟೆಯಲ್ಲಿ ಸುತ್ತಿ ತೆಗೆದಿಟ್ಟ ಹಾಗೆ ಅವಳು ತನ್ನ ದೇವರನ್ನು ಇಷ್ಟು ವರ್ಷ ಸಣ್ಣಪುಟ್ಟದಕ್ಕೆ ಮುಟ್ಟದೆ ಕಾದಿಟ್ಟಿದ್ದಳು. ಅದು ಗೊತ್ತಾದದ್ದು ಅಪ್ಪನ ಜೀವ ತೂಗಾಡುವ ಹೊತ್ತಿಗೆ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಎರಡು ಎಸಳಿನ ಮೇಲೆ ಅಪ್ಪನನ್ನು ನಿಲ್ಲಿಸುತ್ತೀಯಲ್ಲ ಎಂದು ಕೂಗಬೇಕೆನಿಸಿತು. ಪಡಸಾಲೆಯಲ್ಲಿ ಅಪ್ಪನಿದ್ದ, ಕೂಗಲಿಲ್ಲ.

ಅಪ್ಪ ಗೋಡೆಗೆ ತಲೆದಿಂಬು ಒರಗಿಸಿಕೊಂಡು ಜಗಲಿಯ ಮುಂದೆ ಕೂತ. ಕಣ್ಣು ಮುಚ್ಚಿದ. ಅವ್ವ ಎರಡೂ ಎಸಳನ್ನು ಒಂದೇ ಸಮ ತೋಯಿಸಿ, ಒಂದೇ ಸಮ ಹಚ್ಚಿ ಕೈ ಹಿಂದಕ್ಕೆಳೆದುಕೊಂಡಳು. ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಮೋಸವಿರಲಿಲ್ಲ.

ನನ್ನ ಕಣ್ಣು ಬಲಗಡೆಯ ಎಸಳಿನ ಮೇಲೆ ನೆಟ್ಟಿತು. ಬೀಳು, ಬೀಳು ಎಂದು ಒಳಗೇ ಅನ್ನುತ್ತಿದ್ದೆ. ಸ್ವಲ್ಪ ಹೊತ್ತಿಗೆ ನನಗೇ ತಿಳಿಯಿತು, ಹೇಳುತ್ತಿದ್ದದ್ದು ಎಸಳಿಗಲ್ಲ. ಆ ದುಂಡು ಕಣ್ಣಿಗೆ, ಆ ಮೀಸೆಗೆ. ಹಾಸ್ಟೆಲಿನ ಹುಡುಗಿ ಬೇಡಿಕೊಂಡ ಹಾಗೆಯೇ ಬೇಡಿಕೊಳ್ಳುತ್ತಿದ್ದೆ. ನಾಚಿಕೆಯಾಯಿತು, ಆದರೂ ನಿಲ್ಲಿಸಲಾಗಲಿಲ್ಲ.

ಎಡಗಡೆಯ ಎಸಳು ಬಿತ್ತು.

ಅವ್ವನ ಬಾಯಿ ನೋಡಿದೆ. "ಎಡಕ ಕೊಟ್ಟೈತ್ರಿ" ಎಂದು ಹೇಳಬೇಕಾದ ಬಾಯಿ ತೆರೆಯಲಿಲ್ಲ. ಅಪ್ಪನ ಕಣ್ಣು ಇನ್ನೂ ಮುಚ್ಚಿತ್ತು, ತುಟಿ ಅಲುಗುತ್ತಿತ್ತು. ಅವ್ವನ ಕೈ ಮೆಲ್ಲಗೆ ಮುಂದೆ ಹೋಯಿತು. ಬಿದ್ದ ಎಸಳನ್ನು ಎತ್ತಿ, ನೀರಿಗೆ ಅದ್ದಿ, ಮತ್ತೆ ಎಡಕ್ಕೇ ಇಟ್ಟು, ಉಗುರು ಬಿಳಿಚುವಷ್ಟು ಒತ್ತಿದಳು. ಬಲಗಡೆಯದನ್ನು ಬಿಡಿಸಿ ಸೆರಗಿನಿಂದ ಒರೆಸಿ ಸುಮ್ಮನೆ ಆನಿಸಿದಳು. ಅವಳು ಕೈ ತೆಗೆಯುವುದರೊಳಗೆ ಅದು ಬಿತ್ತು.

"ಬಲಕ ಕೊಟ್ಟೈತ್ರಿ."

ಅಪ್ಪ ಕಣ್ಣು ತೆರೆದ. ಕೆನ್ನೆ ಮೇಲೆ ನೀರು. "ನಡೀರಿ ಮತ್ತ, ಸೊಲ್ಲಾಪುರಕ್ಕ" ಎಂದ. ಅವನ ಮುಖದಲ್ಲಿ ಹೆದರಿಕೆಯೇ ಇರಲಿಲ್ಲ. ಹೆದರಿಕೆಯೆಲ್ಲ ಅವ್ವನ ಪಾಲಿಗೆ ಬಂದಿತ್ತು.

ಆಪರೇಶನ್ ನಡೆಯುವಾಗ ಹೊರಗೆ ಬೆಂಚಿನ ಮೇಲೆ ನಾವಿಬ್ಬರೇ ಕೂತಿದ್ದೆವು. ಅವ್ವ ನನ್ನ ಕಡೆ ತಿರುಗಿದಳು.

"ದೇವ್ರು ಬ್ಯಾಡ ಅಂತು. ಅವರನ್ನ ನನಗ ಬಿಟ್ಟುಬಿಡು ಅಂದಂಗ ಆತು. ನಾ ಒಲ್ಲೆ ಅಂದೆ."

"ಅವ್ವಾ, ಅದು ಹೂವು. ನೀರಾರಿದ್ರ ಬೀಳ್ತೈತಿ. ಅಷ್ಟ."

"ನಿನಗ ಅಷ್ಟ."

ನಾನು ದಿನವೂ ಅಂಗಡಿಯಲ್ಲಿ ಆಡುವ ಮಾತುಗಳೆಲ್ಲ ನಾಲಿಗೆ ತುದಿಯಲ್ಲಿದ್ದವು. ಅಪ್ಪ ಹೋಗಿಬಿಟ್ಟರೆ ಎಂಬ ಭಯ ಒಂದು ಕಡೆ. ಹೋದರೆ ಅವನನ್ನು ಕೊಂದದ್ದು ತನ್ನ ಹೆಬ್ಬೆರಳು ಎಂದು ಈ ಹೆಂಗಸು ಸಾಯುವ ತನಕ ನಂಬುತ್ತಾಳಲ್ಲ ಎಂಬ ಭಯ ಇನ್ನೊಂದು ಕಡೆ. ಯಾವುದು ದೊಡ್ಡದೋ ನನಗೆ ತಿಳಿಯಲಿಲ್ಲ. ಅವಳ ಕೈ ಹಿಡಿದುಕೊಂಡು ಕೂತೆ.

ಅಪ್ಪ ಉಳಿದ. ಮನೆಗೆ ಬಂದ, ನಡೆದಾಡಿದ, ಹೊಲದ ತನಕ ಹೋಗಿ ಆಳುಗಳ ಮೇಲೆ ರೇಗುವಷ್ಟಾದ. ಅವ್ವ ಮಾತ್ರ ಅಂದಿನಿಂದ ಜಗಲಿಯ ಹತ್ತಿರ ಸುಳಿದಿಲ್ಲ. ಮೊಣಕಾಲು ನೋವು, ಕೂರಲಾಗುವುದಿಲ್ಲ ಎಂದು ಅಪ್ಪನಿಗೆ ನೆಪ ಹೇಳಿದಳು. ಪೂಜೆ ಈಗ ಅಪ್ಪನದೇ. ಅಡುಗೆಮನೆಯಿಂದ ಪಡಸಾಲೆಗೆ ಹೋಗಲು ಜಗಲಿಯ ಮುಂದೆಯೇ ಹಾಯಬೇಕಲ್ಲ, ಅವಳು ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಮನೆ ಸುತ್ತು ಹಾಕಿ, ಅಂಗಳದಿಂದ ಒಳಗೆ ಬರುತ್ತಾಳೆ. ಕೈಯಲ್ಲಿ ಊಟದ ತಾಟು ಇದ್ದರೂ ಅಷ್ಟೇ, ಸುಡುವ ಚಹಾ ಇದ್ದರೂ ಅಷ್ಟೇ. ನೋವಿನ ಮೊಣಕಾಲಿಗೆ ಇದೆಂಥ ತಿರುಗಾಟ ಎಂದು ಅಪ್ಪ ನಗುತ್ತಾನೆ.

"ಅಪ್ಪ ಗಟ್ಟಿಮುಟ್ಟ ಅದಾನಲ್ಲವ್ವಾ. ದೇವ್ರಿಗೆ ಸಿಟ್ಟಿದ್ರ ಉಳಸ್ತಿತ್ತೇನು?" ಎಂದು ಒಮ್ಮೆ ಕೇಳಿದೆ. ನಾನು, ದೇವರ ಪರವಾಗಿ!

"ಅದರ ಮಾರಿ ನೋಡಾಕ ನನಗ ಮಾರಿ ಇಲ್ಲವಾ" ಎಂದು ಮುಖ ತಿರುಗಿಸಿದಳು. ಆಗ ಪಡಸಾಲೆಯಲ್ಲಿ ಅಪ್ಪ ಕೆಮ್ಮಿದ. ಹಿಟ್ಟು ನಾದುತ್ತಿದ್ದ ಅವಳ ಕೈ ನಿಂತಿತು. ಇನ್ನೊಂದು ಕೆಮ್ಮು ಬರಲಿಲ್ಲವೆಂದು ಖಾತ್ರಿಯಾದ ಮೇಲೆ ಮತ್ತೆ ನಾದತೊಡಗಿದಳು.

ಹೋದ ತಿಂಗಳು ಅಪ್ಪ ಫೋನು ಮಾಡಿದ. ದನಿಯಲ್ಲಿ ಬಹಳ ಉಮೇದಿ. "ದೇವರ ಉಳಿಸಿದ ಜೀವಕ್ಕ ನಿನ್ನ ಗುಳಿಗಿ ಯಾಕ? ಬಿಡೂಣಂತ ಮಾಡೇನಿ. ಬಾ, ಹೂ ಹಚ್ಚಿ ಕೇಳೂಣು."

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆ ಅವು. ಅವನ್ನು ಬಿಟ್ಟರೆ ಏನಾಗುತ್ತದೆಂದು ದಿನಕ್ಕೆ ಹತ್ತಾರು ಜನಕ್ಕೆ ಹೇಳುವವಳು ನಾನು. ನಾವು ಬಲಕ್ಕೆ ಬೀಳಿಸಿದ ಹೂವೇ ಈಗ ಅಪ್ಪನನ್ನು ತಿನ್ನಲು ಹೊರಟಿತ್ತು. ಸಿಕ್ಕ ಬಸ್ಸು ಹತ್ತಿದೆ.

ಎಷ್ಟು ಹೇಳಿದರೂ ಅಪ್ಪ ಕೇಳಲಿಲ್ಲ. "ನೀ ಗುಳಿಗಿ ಮಾರಾಕಿ, ಹಂಗ ಹೇಳಾಕಿನ" ಎಂದು ಚೇಷ್ಟೆ ಮಾಡಿದ. ಅವ್ವನನ್ನು ಕರೆದ. ಮೊಣಕಾಲು ನೋವು ಎಂದು ಅಡುಗೆಮನೆಯಿಂದಲೇ ಉತ್ತರ ಬಂತು. "ಹಂಗಾರ ನೀನ ಹಚ್ಚು" ಎಂದು ಅಪ್ಪ ನನಗೆ ಹೇಳಿ, ಕಣ್ಣು ಮುಚ್ಚಿ ಗಟ್ಟಿಯಾಗಿ ಸ್ತೋತ್ರ ಸುರುಮಾಡಿದ.

ಎಷ್ಟೋ ವರ್ಷಗಳ ಮೇಲೆ ಆ ಮುಖದೆದುರು ಹೂ ಹಚ್ಚಲು ಕೂತೆ. ಗುಳಿಗೆ ಬಿಡಲೇ ಎಂಬುದು ಪ್ರಶ್ನೆ. ಎಡಕ್ಕೆ ಬೀಳಬೇಕು, ಬಲಗಡೆಯದನ್ನು ಒತ್ತಬೇಕು. ಸಣ್ಣ ಕೆಲಸ. ಬಲಗಡೆಯ ಎಸಳನ್ನು ತೋಯಿಸಿ ಇಟ್ಟೆ. ಒತ್ತಲು ಎತ್ತಿದ ಹೆಬ್ಬೆರಳು ಹಾಗೆಯೇ ನಿಂತಿತು. ಮೋಸ ಕಂಡೂ ಒಮ್ಮೆ ಸುಮ್ಮನಿದ್ದ ಆ ದೇವರು ಎರಡನೆಯ ಸಲವೂ ಸುಮ್ಮನಿದ್ದೀತೇ ಎಂಬ ಮಾತು ಎಲ್ಲಿಂದಲೋ ತಲೆಗೆ ಬಂತು. ಅವ್ವನ ಕಡೆ ತಿರುಗಿದೆ. ಅವಳು ಅಡುಗೆಮನೆಯ ಹೊಸ್ತಿಲೊಳಗೆ, ಜಗಲಿಗೆ ಬೆನ್ನು ಮಾಡಿ ನಿಂತಿದ್ದಳು.

"ನಿನಗ ಗೊತ್ತೈತೇನು?" ಎಂದು ಮೆಲ್ಲಗೆ ಕೇಳಿದಳು.

"ಗೊತ್ತೈತಿ."

"ಹಂಗಾರ ಒತ್ತು."

ಒತ್ತಿದೆ. ಎಡಗಡೆಯದನ್ನು ಒರೆಸಿ ಆನಿಸಿದೆ. ಬಿತ್ತು.

"ಎಡಕ ಕೊಟ್ಟೈತಪಾ. ಗುಳಿಗಿ ಬಿಡಬ್ಯಾಡ ಅಂತೈತಿ."

ಅಪ್ಪ ಕಣ್ಣು ತೆರೆದು ಬಿದ್ದ ಎಸಳನ್ನು ಕಣ್ಣಿಗೊತ್ತಿಕೊಂಡ. "ಅದರ ಮಾತು ಮೀರಾಕ ಆಗ್ತೈತೇನವಾ" ಎಂದು ಗುಳಿಗೆಗೆ ಅಂಗೈ ಚಾಚಿದ. ಗುಳಿಗೆ ಕೊಟ್ಟು ನೀರು ತರಲು ಎದ್ದೆ. ಅಡುಗೆಮನೆ ಎದುರಿಗೇ ಇತ್ತು, ಜಗಲಿಯ ಮುಂದೆ ಹಾದರೆ ಸಾಕು. ನನ್ನ ಕಾಲು ಪಡಸಾಲೆಯ ಕಡೆ ತಿರುಗಿತು. ಅಂಗಳಕ್ಕಿಳಿದು, ಬಿಸಿಲಲ್ಲಿ ಮನೆಯನ್ನು ಸುತ್ತಿಕೊಂಡು ಹಿತ್ತಲಿಗೆ ಬಂದೆ. ಅವ್ವ ನೀರಿನ ತಂಬಿಗೆ ಹಿಡಿದು ಆಗಲೇ ಬಾಗಿಲಲ್ಲಿ ನಿಂತಿದ್ದಳು.