ಹತ್ತೊಂಬತ್ತನೇ ಫೋನು

ಮಂಗಳವಾರ ಬೆಳಿಗ್ಗೆ ಆರು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ರಾಧಾಮಣಿ ಚಾಂಪಿಯನ್ ನಿಲ್ದಾಣದಲ್ಲಿ ಬಂಗಾರಪೇಟೆಗೆ ಹೋಗುವ ಟ್ರೈನಿನ ಮಹಿಳೆಯರ ಬೋಗಿ ಹತ್ತಿದರು. ಕೈಯಲ್ಲಿದ್ದ ಫೋನಿಗೆ ಸಿಮ್ ಇರಲಿಲ್ಲ. ಅರ್ಧ ಗಂಟೆಯ ಹಿಂದೆ ಸೀರೆ ಪಿನ್ನಿನಿಂದ ಅದನ್ನು ಅವರೇ ತೆಗೆದಿದ್ದರು. ಅದಕ್ಕೂ ಮೊದಲು, ಮನೆಯ ಮೇಜಿನ ಮೇಲಿದ್ದ ಫೋನು ತಾನಾಗಿಯೇ ಗೊತ್ತಿಲ್ಲದ ನಂಬರಿಗೆ ಮೂರು ಮೆಸೇಜು ಕಳಿಸಿತ್ತು. ಮೂರೂ ಬ್ಯಾಂಕಿನಿಂದ ಅವರಿಗೆ ಬಂದಿದ್ದ ಮೆಸೇಜುಗಳ ನಕಲು.

ರಾಧಾಮಣಿಗೆ ನಲವತ್ತೊಂದು ವರ್ಷ. ಬಂಗಾರಪೇಟೆಯ ಒಂದು ಖಾಸಗಿ ಡೇರಿಯಲ್ಲಿ ಹಾಲಿನ ಫ್ಯಾಟ್ ಪರೀಕ್ಷಿಸುತ್ತಾರೆ. ಬೋಗಿಯಲ್ಲಿ ಅವರ ಹೆಸರು ಥಿಯೇಟರ್ ಅಕ್ಕ. ಶುಕ್ರವಾರ ಬಿಡುಗಡೆಯಾದ ಸಿನಿಮಾ ಸೋಮವಾರ ಅವರ ಫೋನಿನಲ್ಲಿರುತ್ತಿತ್ತು. ಹಂಚುವ ಕ್ರಮವೂ ಅವರದೇ. ಒಂದು ಫೋನಿನಿಂದ ಇನ್ನೊಂದಕ್ಕೆ ಕಳಿಸಲು ನಾಲ್ಕು ನಿಮಿಷ. ಪಡೆದವರು ಸುಮ್ಮನೆ ಕೂರದೆ ಪಕ್ಕದವರಿಗೆ ಕೊಡಬೇಕು. ಬಂಗಾರಪೇಟೆ ಬರುವಷ್ಟರಲ್ಲಿ, ಯಾರ ಡೇಟಾವೂ ಖರ್ಚಾಗದೆ, ಕೇಳಿದವರಿಗೆಲ್ಲ ಸಿಕ್ಕಿರುತ್ತಿತ್ತು. “ಕದ್ದಿದ್ದಲ್ವಾ ಅಕ್ಕಾ?” ಎಂದು ಯಾರಾದರೂ ಕೇಳಿದರೆ, “ವಿಪಿಎನ್ ಆಕಿದೀನಿ ಕಣೇ, ಯಾರ್ಗೂ ಗೊತ್ತಾಗಲ್ಲ” ಎನ್ನುತ್ತಿದ್ದರು.

ಹಿಂದಿನ ದಿನದ ಸಿನಿಮಾ ಅದರ ಜೊತೆಗೇ ಬಂದ ಪ್ಲೇಯರ್ ಆ್ಯಪಿನಲ್ಲಿ ಮಾತ್ರ ಓಡುತ್ತಿತ್ತು. ಆ್ಯಪು ಮೆಸೇಜು ಓದಲು ಅನುಮತಿ ಕೇಳಿತು. ಅವರು ಕೊಟ್ಟರು, ಬೇರೆಯವರಿಂದಲೂ ಕೊಡಿಸಿದರು. ನಾವು ಎಲ್ಲಿಂದ ಏನನ್ನು ಇಳಿಸಿಕೊಳ್ಳುತ್ತಿದ್ದೇವೆ ಎಂಬುದನ್ನು ವಿಪಿಎನ್ ಮರೆಮಾಡುತ್ತದೆ. ಇಳಿಸಿಕೊಂಡದ್ದರ ಒಳಗೇನಿದೆ ಎಂದು ನೋಡುವುದು ಅದರ ಕೆಲಸವಲ್ಲ. ರಾಧಾಮಣಿಗೆ ಇದು ಗೊತ್ತಿರಲಿಲ್ಲ ಎನ್ನುವಂತಿಲ್ಲ.

“ಎಲ್ರೂ ಫೋನ್ ಏರೋಪ್ಲೇನ್ ಮೋಡಿಗೆ ಆಕ್ರಿ,” ಎಂದರು ರಾಧಾಮಣಿ, ಬೋಗಿ ಹತ್ತಿದೊಡನೆ.

“ಯಾಕಕ್ಕಾ, ಟ್ರೈನು ಆರ್ತದಾ?” ಎಂದು ಎದುರು ಸೀಟಿನ ಮುನಿಲಕ್ಷ್ಮಿ ನಕ್ಕಳು.

“ನಗಬ್ಯಾಡ. ಆ ಪ್ಲೇಯರು ಕಳ್ಳ ಆ್ಯಪು. ತಂದ್ಕೊಟ್ಟೋಳು ನಾನೇ. ಬೈಯೋದು ಆಮೇಲೆ ಬೈರಿ, ಮೊದ್ಲು ತೆಗೀರಿ.”

“ಬೈತೀವಿ ಬುಡಕ್ಕಾ, ಎಲ್ಲಿಗೋಗ್ತೀಯ ನೀನು.”

ಬಂಗಾರಪೇಟೆಯಲ್ಲಿ ಈ ಹೆಂಗಸರು ಚದುರಿಹೋಗುತ್ತಾರೆ. ಅಷ್ಟರೊಳಗೆ ಮುಗಿಯಬೇಕು. ರಾಧಾಮಣಿ ತಾವಾಗಿ ಕೊಟ್ಟದ್ದು ಒಬ್ಬಿಬ್ಬರಿಗೆ ಮಾತ್ರ. ಅಲ್ಲಿಂದ ಮುಂದೆ ಯಾರಿಗೆ ಹೋಯಿತೋ ಅವರಿಗೇ ತಿಳಿಯದು. ಒಂದು ಹಾಳೆ ತೆಗೆದು ಪ್ರತಿಯೊಬ್ಬರಿಗೂ ಎರಡೇ ಪ್ರಶ್ನೆ ಕೇಳಿದರು: ನಿನಗೆ ಯಾರು ಕೊಟ್ಟರು, ನೀನು ಯಾರಿಗೆ ಕೊಟ್ಟೆ? ಆ್ಯಪು ತೆಗೆದದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಹೆಸರಿನ ಮುಂದೆ ಗುರುತು ಹಾಕಿದರು. ಊರಿಗಾಂ ದಾಟಿತು, ಕೋರಮಂಡಲ್ ದಾಟಿತು. ಹಾಳೆಯಲ್ಲಿ ಹತ್ತೊಂಬತ್ತು ಹೆಸರು, ಹದಿನೆಂಟು ಗುರುತು.

“ಗಂಗರತ್ನಮ್ಮಂಗೆ ನಾನೇ ಆಕ್ಕೊಟ್ಟೆ ಅಕ್ಕಾ,” ಆಶಾರಾಣಿಯ ದನಿ ಸಣ್ಣದಾಯಿತು. “ಇವತ್ತು ರಜಾ ಆಕವ್ರೆ.”

ಚಾಂಪಿಯನ್ ರೀಫ್ಸ್‌ನ ಹಳೆಯ ಗಣಿ ಕಾರ್ಮಿಕರ ಲೈನಿನಲ್ಲಿದ್ದ ತಮ್ಮ ಮನೆಯ ಚಾವಣಿ ಬದಲಿಸಲು ಗಂಗರತ್ನಮ್ಮ ಕೂಡಿಸಿದ್ದ ಚೀಟಿ ಹಣ ನಿನ್ನೆ ಸಂಜೆಯಷ್ಟೇ ಖಾತೆಗೆ ಬಂದಿತ್ತು. ವಾಪಸ್ಸು ಬರುವ ಟ್ರೈನಿನಲ್ಲಿ ಆ ಮೆಸೇಜನ್ನು ಎಲ್ಲರಿಗೂ ಓದಿಸಿದ್ದರು.

ರಾಧಾಮಣಿ ಆಶಾರಾಣಿಯ ಫೋನಿನಿಂದ ಕರೆ ಮಾಡಿದರು.

“ಅಮ್ಮಾ, ನಾನು ರಾಧಾಮಣಿ. ಫೋನು ಸ್ವಿಚ್ಚಾಫ್ ಮಾಡ್ಬುಡಿ, ಈಗ್ಲೇ.”

“ಯಾವ ರಾಧಾಮಣಿ? ಅವ್ಳ ನಂಬರಲ್ಲ ಇದು.”

“ಬೇರೆಯವ್ರ ಫೋನಮ್ಮಾ...”

“ಕಳ್ರು ಅಂಗೇ ಅನ್ನೋದು. ಫೋನಲ್ಲಿ ಯಾರೇನಂದ್ರೂ ಮಾಡ್ಬ್ಯಾಡಿ, ದನೀನೂ ಕದೀತಾರೆ ಅಂತ ನಮ್ ರಾಧಾಮಣಿನೇ ಕಲ್ಸವ್ಳೆ. ಮಡಗು ಫೋನು!”

ಹೋದ ತಿಂಗಳು ಇದೇ ಸೀಟಿನಲ್ಲಿ ಕೂತು, ಎರಡೆರಡು ಸಲ ಹೇಳಿಸಿ ಕಲಿಸಿದ್ದ ಪಾಠ ಅದು. ಎರಡನೇ ಕರೆಯನ್ನು ಗಂಗರತ್ನಮ್ಮ ಎತ್ತಲಿಲ್ಲ. ಮೂರನೆಯದಕ್ಕೆ, “ಪೊಲೀಸ್ನೋರ್ಗೆ ಕೊಡ್ತೀನಿ ನೋಡು ನಿನ್ನ,” ಎಂದರು. ಟ್ರೈನಿನ ವೇಗ ತಗ್ಗತೊಡಗಿತ್ತು.

“ಕೊಡ್ರಮ್ಮಾ. ಅದಕ್ ಮುಂಚೆ, ನನ್ಗೂ ನಿಮ್ಗೂ ಬಿಟ್ಟು ಯಾರ್ಗೂ ಗೊತ್ತಿಲ್ದಿರೋ ಪ್ರಶ್ನೆ ಒಂದು ಕೇಳಿ ನೋಡಿ.”

ಗಂಗರತ್ನಮ್ಮ ಕೇಳಿಯೇಬಿಟ್ಟರು.

“ನಿಮ್ಮಪ್ಪ ಗಣೀಲಿ ಲ್ಯಾಂಪ್ ರೂಮ್ನಾಗಿದ್ರಲ್ಲ. ನಮ್ಮನೆಯವ್ರ ದೀಪದ ನಂಬ್ರೆಷ್ಟು?”

ಗಣಿ ಮುಚ್ಚಿ ಇಪ್ಪತ್ತು ವರ್ಷ ದಾಟಿದೆ. ಹುಡುಗಿಯಾಗಿದ್ದಾಗ ರಾಧಾಮಣಿ ಅಪ್ಪನಿಗೆ ಬುತ್ತಿ ಒಯ್ಯುತ್ತಿದ್ದರು. ಕೆಳಗಿಳಿಯುವ ಪ್ರತಿಯೊಬ್ಬನ ದೀಪಕ್ಕೂ ಒಂದು ನಂಬರು. ಅಪ್ಪ ಲ್ಯಾಂಪ್ ರೂಮಿನ ಕಿಟಕಿಯಿಂದ ನಂಬರು ಕೂಗಿ ದೀಪ ಕೊಡುತ್ತಿದ್ದರು. ಗಂಗರತ್ನಮ್ಮನ ಗಂಡ ದಿನವೂ ತಡ. ಅವರ ನಂಬರನ್ನು ಮಾತ್ರ ಎರಡು ಸಲ ಕೂಗಬೇಕಾಗುತ್ತಿತ್ತು.

ರಾಧಾಮಣಿ ಉತ್ತರ ಹೇಳಿದರು. ಕರೆ ಕಡಿದುಹೋಯಿತು. ಮತ್ತೆ ಮಾಡಿದಾಗ ಫೋನು ಸ್ವಿಚ್ಚಾಫ್ ಆಗಿತ್ತು.

ಅವತ್ತು ಅವರು ಡೇರಿಗೆ ಹೋಗದೆ ಬಸ್ಸಿನಲ್ಲಿ ಹಿಂತಿರುಗಿ, ಗಂಗರತ್ನಮ್ಮನ ಫೋನಿನ ಸಿಮ್ ಬಿಚ್ಚಿ, ಎಂಟೂ ಹತ್ತಕ್ಕೆ ಆ ಆ್ಯಪನ್ನು ತಮ್ಮ ಕೈಯಾರೆ ತೆಗೆದರು. ಆಮೇಲೆ ಸಿಮ್ ಮತ್ತೆ ಹಾಕಿದೊಡನೆ ಬ್ಯಾಂಕಿನ ಒಂದು ಓಟಿಪಿ ಬಂದು ಬಿತ್ತು. ಫೋನು ಸ್ವಿಚ್ಚಾಫ್ ಆದ ಮೇಲೆ, ಆರು ಐವತ್ತೊಂದಕ್ಕೆ ಕಳಿಸಿದ್ದು, ಅವಧಿ ಮುಗಿದಿತ್ತು. ಹಣ ಖಾತೆಯಲ್ಲೇ ಇತ್ತು. ಗಂಗರತ್ನಮ್ಮ ಕಾಫಿ ಕೊಟ್ಟು, ಲೋಟ ಖಾಲಿಯಾಗುವವರೆಗೂ ಬೈದರು.

ಟ್ರೈನಿನ ಸದ್ದಿನಲ್ಲಿ ಕೇಳಿಸದೆ ಹೋದೀತೆಂದು, ಅಪ್ಪನ ಹಾಗೆಯೇ ಎರಡು ಸಲ, ಬೋಗಿಗೆಲ್ಲ ಕೇಳುವಂತೆ ರಾಧಾಮಣಿ ಕೂಗಿದ್ದ ನಂಬರು ನಾನೂರ ಹದಿನೇಳು.