ಐದನೇ ಒಂದು ಪಾಲು

ನನ್ನ ಮುಂದಿನ ಹಲ್ಲುಗಳು ಉದುರಿದ್ದು ವಯಸ್ಸಿನಿಂದಲ್ಲ, ತಮ್ಮನ ಏಟಿನಿಂದ. ಮಾನ್ವಿ ಹತ್ತಿರದ ನಮ್ಮ ಹೊಲದಲ್ಲಿ ನೀರೆತ್ತುವ ಡೀಸೆಲ್ ಇಂಜಿನ್ ಇತ್ತು. ಹ್ಯಾಂಡಲ್ ಹಾಕಿ ತಿರುಗಿಸಿ ಚಾಲೂ ಮಾಡಬೇಕು. ಕೈ ತಪ್ಪಿತೋ, ಹ್ಯಾಂಡಲ್ ಹಿಂದಕ್ಕೆ ತಿರುಗಿ ಕತ್ತೆಯಂತೆ ಒದೆಯುತ್ತಿತ್ತು. ನಾವು ಬೇರೆಯಾಗುವ ದಿನ ಅದೇ ಹ್ಯಾಂಡಲ್ ತಮ್ಮನ ಕೈಗೆ ಸಿಕ್ಕಿ ನನ್ನ ಬಾಯಿಗೆ ಬಿತ್ತು. ನಾನೇನು ಸುಮ್ಮನಿದ್ದೆನೆ? ಗೂಟ ಕಿತ್ತು ಅವನ ಮೊಣಕೈ ಮುರಿದೆ. ಊರಿನ ಹಿರಿಯರು ಕೂತು ಇಂಜಿನ್ನನ್ನೇ ಎರಡು ಪಾಲು ಮಾಡಿದರು: ಮೈ ನನಗೆ, ಅದರ ಪಕ್ಕದಲ್ಲಿ ತಿರುಗುವ ಭಾರದ ಗಾಲಿ ಅವನಿಗೆ. ಗಾಲಿಯಿಲ್ಲದ ಇಂಜಿನ್ ಓಡೀತೆ? ಆದರೂ ಇಬ್ಬರಿಗೂ ಸಮವಾಯಿತೆಂದು ಉಂಡು ಎದ್ದರು. ಗಾಲಿ, ಹ್ಯಾಂಡಲ್ ಎರಡನ್ನೂ ಬಂಡಿಗೇರಿಸಿ ಅವನು ಹೆಂಡತಿಯ ಊರಾದ ದೇವದುರ್ಗಕ್ಕೆ ಹೋದ. ಆವತ್ತಿನಿಂದ ಮಾತಿಲ್ಲ.

ಈಗ ನನ್ನ ಮೊಮ್ಮಗಳ ಸಂಗತಿ ಹೇಳಬೇಕು, ಹೇಳದಿದ್ದರೆ ನನ್ನ ಎದೆ ಒಡೆಯುತ್ತದೆ. ರಾಯಚೂರಿನ ಬ್ಯಾಂಕಿನಲ್ಲಿ ಕೆಲಸ, ರಜೆ ಬಂದರೆ ಕಬ್ಬಿಣ ಕಡೆಯುವ ಲೇತ್ ಯಂತ್ರದ ಮುಂದೆ. ಅವಳಂಥ ಹುಚ್ಚರು ಅಲ್ಲಿ ಇನ್ನೂ ಕೆಲವರಿದ್ದಾರೆ. ತೊಡೆಯ ಮೇಲೆ ಕೂಸಿನಂತೆ ಕೂರುವ ಇಂಜಿನ್ ಮಾಡಿ, ಪೆಟ್ರೋಲ್ ಕುಡಿಸಿ, ನಿಜವಾಗಿ ಓಡಿಸುತ್ತಾರೆ. ನನ್ನ ಅಂಗಳದಲ್ಲಿ ತುಕ್ಕು ಹಿಡಿದಿದ್ದ ಮೈಯನ್ನು ಅವಳು ಅಳೆದು, ಅದರ ಐದನೇ ಒಂದು ಪಾಲಿನಷ್ಟು ಸಣ್ಣದು ಮಾಡಿದಳು. ಗಾಲಿಯ ಅಳತೆ ಮಾತ್ರ ನನ್ನ ನೆನಪಿನದು. ಚಾಲೂ ಮಾಡಿದರೆ ಡಬ್ ಎಂದು ಜಿಗಿದು ಅವಳ ಬೆರಳು ಸೀಳಿ ನಿಂತುಬಿಟ್ಟಿತು. ಮತ್ತೆ ಗಾಲಿ ಮಾಡಿದಳು, ಮತ್ತೆ ಒದೆ, ಮತ್ತೆ ರಕ್ತ.

"ತಾತಾ, ಖರೇ ಗಾಲಿ ನೋಡದ ಇದು ಓಡಂಗಿಲ್ಲ. ನಡಿ ದೇವದುರ್ಗಕ್ಕ."

ದೇವದುರ್ಗದಲ್ಲಿ ತಮ್ಮನು ಆ ಗಾಲಿಗೆ ಆಡು ಕಟ್ಟಿದ್ದ. ನಾನು ಅಂಗಳದ ಅಂಚಿನಲ್ಲೇ ನಿಂತೆ. ಮೊಮ್ಮಗಳು ಅವನ ಕಾಲು ಮುಟ್ಟಿ, "ಸಣ್ಣ ತಾತಾ, ನನಗ ಈ ಗಾಲಿದು ಐದನೇ ಒಂದು ಪಾಲು ಬೇಕ್ರೀ" ಎಂದಳು.

ಪಾಲು! ಆ ಮಾತು ಕಿವಿಗೆ ಬಿದ್ದದ್ದೇ ತಡ, ಮುದುಕ ಒಳಗೆ ನುಗ್ಗಿ ಹ್ಯಾಂಡಲ್ ಹಿಡಿದುಕೊಂಡೇ ಬಂದ.

"ಹುಡುಗೀನ ಮುಂದ ಮಾಡಿ ಪಾಲು ಕೇಳಾಕ ಬಂದೀಯೇನಲೇ? ಉಳದ ಹಲ್ಲೂ ಉದುರಿಸ್ತೀನಿ!"

"ಉಳದಿದ್ರಲ್ಲ ಉದುರಿಸಾಕ! ನಿಂದು ಇನ್ನೊಂದು ಮೊಣಕೈ ಅದಲ್ಲ, ಚಾಚು!"

ಅವನು ಬೀಸಿದ, ನಾನು ಸರಿದೆ. ಹ್ಯಾಂಡಲ್ ಗಾಲಿಗೆ ಬಡಿದು ಪುಟಿದು ಅವನ ಮೊಣಕಾಲಿಗೇ ಬಿತ್ತು. ಆಡುಗಳು ಹಗ್ಗ ಹರಿದುಕೊಂಡು ಓಡಿದವು. ನಾನು ಅವನ ಕೊರಳಪಟ್ಟಿ ಹಿಡಿದೆ, ಅವನು ನನ್ನ ಕಿವಿ ತಿರುವಿದ. ಇಬ್ಬರೂ ಹಿಕ್ಕೆಯ ಮೇಲೆ ಉರುಳಿದೆವು. ನೋಡಿದರೆ ಮೊಮ್ಮಗಳು ನೆಲಕ್ಕೆ ಬೋರಲು ಬಿದ್ದು ಗಾಲಿಗೆ ಟೇಪು ಹಿಡಿದಿದ್ದಾಳೆ!

"ಹೊಡಕೊಳ್ರಿ, ಹೊಡಕೊಳ್ರಿ. ಜರಾ ಆಕಡೆ ಸರದು ಹೊಡಕೊಳ್ರಿ, ಬೆಳಕಿಗೆ ಅಡ್ಡ ಆಗಾಕತ್ತೀರಿ. ತಾತಾ, ನೀ ಹೇಳಿದ್ಕಿಂತ ಅಂಚು ಡಬಲ್ ದಪ್ಪ ಅದ! ನನ್ನ ಗಾಲಿ ಹಗುರಾಗಿತ್ತು, ಅದಕ್ಕ ನಿಂದರ್ತಿತ್ತು!"

ಆಮೇಲೆ ಫೋನಿನಲ್ಲಿ ಸಣ್ಣ ಇಂಜಿನ್ ತೋರಿಸಿ, ಐದನೇ ಪಾಲು ಎಂದರೆ ಏನೆಂದು ಬಿಡಿಸಿ ಹೇಳಿದಳು. ತಮ್ಮನು ಮೊಣಕಾಲು ತಿಕ್ಕುತ್ತ ನೋಡಿದ.

ದಪ್ಪ ಅಂಚಿನ ಗಾಲಿ ಹಾಕಿ ಓಡಿಸುವ ದಿನ ರಾಯಚೂರಿಗೆ ಕುಂಟುತ್ತ ಬಂದವನು ಅವನೇ. "ಸರಿ, ನಿಮಗ್ಯಾರಿಗೂ ತಿರುವಾಕ ಬರಂಗಿಲ್ಲ" ಎಂದು ಬೆರಳಷ್ಟು ಹ್ಯಾಂಡಲ್ ಹಿಡಿದ. ಡಬ್! ಅವನ ಹೆಬ್ಬೆಟ್ಟಿನ ಉಗುರು ಸೀಳಿತು, ರಕ್ತ ಚಿಮ್ಮಿತು.

"ಯಣ್ಣಾ, ಒದೀತು! ನಮ್ದ ಇದು, ನಮ್ದ!"

ಇನ್ನೊಮ್ಮೆ ತಿರುವಿದ. ಇಂಜಿನ್ ಹೊಗೆ ಉಗುಳಿ ಚಾಲೂ ಆಯಿತು. ಮೇಜು ನಡುಗಿ, ಚಹಾದ ಕಪ್ಪು ಜಿಗಿದು ಒಡೆದು ಚೂರಾಯಿತು. ಅದು ನಿಲ್ಲಲಿಲ್ಲ! ಹೊಲದಲ್ಲಿ ಕೇಳುತ್ತಿದ್ದ ಅದೇ ಸದ್ದು, ಸಣ್ಣ ಬಾಯಿಂದ. ನಾನು ಕೂಗಿದ್ದಕ್ಕೆ ಓಣಿಯವರೆಲ್ಲ ಹೊರಗೆ ಬಂದರು.

"ಯವ್ವಾ, ಇದರಾಗ ನನ್ನ ಪಾಲು?" ತಮ್ಮ ಕೇಳಿದ.

"ಮುಟ್ರಿ ನೋಡೋಣ. ಇಬ್ಬರ ಕೈಯೂ ಮುರೀತೀನಿ" ಎಂದಳು.

ಪೆಟ್ರೋಲ್ ಮುಗಿಯುವ ತನಕ ನಾವಿಬ್ಬರೂ ಕೈ ಹಿಂದೆ ಕಟ್ಟಿಕೊಂಡೇ ನಿಂತಿದ್ದೆವು.