ತನುಜ ಅವರ ಕಾರಿಗೆ ಇನ್ನೂ ಬಣ್ಣವಿಲ್ಲ

ಒಂದು ನಿಮಿಷ, ಪುಟ ತಿರುಗಿಸಬೇಡಿ. ಕಾರು ಮಾಡಿಫೈ ಮಾಡುವ ಹುಚ್ಚು ಅಂದ ತಕ್ಷಣ ಕಿವಿ ಗುಂಯ್ಗುಡಿಸುವ ಸೈಲೆನ್ಸರು, ನೀಲಿ ಲೈಟು, ಹೆದ್ದಾರಿಯ ರೇಸು ನೆನಪಾಗುತ್ತದೆ ತಾನೇ? ಇದು ಅದಲ್ಲ. ಇದರಲ್ಲಿ ರೇಷ್ಮೆ ಹುಳುಗಳಿವೆ. ಪೂರ್ತಿ ಕೇಳಿ.

ಬೆಳಕು ಈಗಷ್ಟೇ ಹರಿಯುತ್ತಿದೆ. ಸಾದಲಿಯ ಚಾಕಿ ಕೇಂದ್ರದ ಮುಂದೆ ಬಿಳಿ ವ್ಯಾನೊಂದು ಹಿಂಬಾಗಿಲು ತೆರೆದು ನಿಂತಿದೆ. ಚಾಲಕಿ ತನುಜ ಹುಳುವಿನ ಟ್ರೇಗಳನ್ನು ಒಂದೊಂದಾಗಿ ಒಳಗೆ ಜಾರಿಸುತ್ತಿದ್ದಾರೆ. ಮೊಟ್ಟೆಯೊಡೆದ ಹುಳುಗಳನ್ನು ಎಳೆತನದಲ್ಲಿ ಸಾಕಿ ರೈತರಿಗೆ ಕೊಡುವ ಜಾಗ ಇದು. ಪೊರೆ ಬಿಡುವ ಮುನ್ನ ಹುಳು ಮೇವು ಬಿಟ್ಟು ಅಲ್ಲಾಡದೆ ಮಲಗುತ್ತದೆ. ಅದಕ್ಕೆ ಈ ಕಡೆ ಜ್ವರ ಅನ್ನುತ್ತಾರೆ. ಎರಡನೇ ಜ್ವರದಲ್ಲಿ ಮಲಗಿರುವಾಗಲೇ ಅವು ರೈತರ ಮನೆ ಸೇರಬೇಕು.

“ನನ್ ಪ್ಯಾಸೆಂಜರ್‌ಗಳೆಲ್ಲಾ ಮಲ್ಗಿರ್ತಾರೆ. ಎದ್ದೇಳೋ ಹೊತ್ತಿಗೆ ಮುಂದೆ ಸೊಪ್ಪಿರ್ಬೇಕು, ಅಷ್ಟೇ,” ಅನ್ನುತ್ತಾರೆ ತನುಜ.

ಮಾಡಿಫಿಕೇಶನ್ ಇರುವುದು ಈ ವ್ಯಾನಿನಲ್ಲೇ. ದಿಬ್ಬೂರಹಳ್ಳಿ ರಸ್ತೆಯ ಹಂಪುಗಳು ಟ್ರೇಗೆ ತಾಗದಂತೆ ಹಿಂದಿನ ಸ್ಪ್ರಿಂಗ್‌ಗಳನ್ನು ಮೆತ್ತಗೆ ಮಾಡಿದ್ದಾರೆ. ಗಾಳಿಯಾಡಲು ಛಾವಣಿಯಲ್ಲಿ ಕಿಂಡಿ, ಕಿಟಕಿಗೆ ಒದ್ದೆ ಗೋಣಿಯ ಪರದೆ. ಊರಿನ ಹುಡುಗರು ಸೈಲೆನ್ಸರ್ ಬಿಚ್ಚಿ ಸದ್ದು ಹೆಚ್ಚಿಸಿಕೊಂಡರೆ, ಇವರು ಇದ್ದ ಸದ್ದನ್ನೂ ಅಡಗಿಸಿದ್ದಾರೆ. ಪಕ್ಕದಲ್ಲಿ ಕೂತರೆ ಎಂಜಿನ್ ಓಡುತ್ತಿದೆಯೋ ಇಲ್ಲವೋ ಅನ್ನುವ ಅನುಮಾನ.

ತನುಜ ಚಿಕ್ಕಬಳ್ಳಾಪುರದಲ್ಲಿ ಆಟೊಮೊಬೈಲ್ ಡಿಪ್ಲೊಮಾ ಓದಿದವರು. ವ್ಯಾನು ಕೇಂದ್ರದ್ದು. ಸ್ವಂತದ್ದು ಅಂದರೆ ಮನೆಯ ಹಿಂದಿನ ಶೆಡ್ಡಿನಲ್ಲಿರುವ ಹಳೇ ಮಾರುತಿ 800. ಚಿಂತಾಮಣಿಯ ಗುಜರಿಯಿಂದ ತಂದು, ಸಂಬಳ ಬಂದಾಗಲೆಲ್ಲ ಒಂದೊಂದು ಭಾಗ ಸೇರಿಸಿ ಎಬ್ಬಿಸಿದ್ದಾರೆ. ಈಚೆಗೆ ಅಲಾಯ್ ಚಕ್ರವೂ ಬಂದಿದೆ. ತಾಯಿ ಅಶ್ವತ್ಥಮ್ಮ ಅದನ್ನು ನೋಡಿ ಅಂದದ್ದು ಇಷ್ಟೇ: “ಬೇರೆ ಹೆಣ್ಮಕ್ಕಳು ಓಲೆ ತಗಂತಾರೆ. ನಮ್ಮಮ್ಮಣ್ಣಿ ಚಕ್ರ ತಗಂಡವ್ಳೆ.”

ಎಲ್ಲಾ ಮುಗಿದಿದೆ, ಬಣ್ಣ ಒಂದು ಬಿಟ್ಟು. ಕಾರು ಇನ್ನೂ ಪ್ರೈಮರಿನ ಬೂದಿ ಬಣ್ಣದಲ್ಲೇ ನಿಂತಿದೆ. ದುಡ್ಡಿಲ್ಲವೆಂದಲ್ಲ, ಕೆಂಪು ಬಣ್ಣದ ಡಬ್ಬಿ ಶೆಡ್ಡಿನಲ್ಲೇ ಇದೆ. ಅಡ್ಡಿ ವಾಸನೆಯದು. ಹುಳುವಿಗೆ ಯಾವ ಘಾಟೂ ಆಗದು. ತನುಜ ಮಲ್ಲಿಗೆ ಮುಡಿಯುವುದಿಲ್ಲ, ಪೌಡರ್ ಹಚ್ಚುವುದಿಲ್ಲ. ಸೆಂಟು ಹಾಕಿ ಬಂದ ನನ್ನನ್ನು ಅಂಗಿ ಬದಲಾಯಿಸಿದ ಮೇಲೆಯೇ ವ್ಯಾನು ಹತ್ತಿಸಿದರು.

ಹೋದ ವರ್ಷ ಒಂದು ಭಾನುವಾರ ಆಸೆ ತಡೆಯಲಾರದೆ ಕಾರಿನ ಒಂದು ಬಾಗಿಲಿಗೆ ಬಣ್ಣ ಹೊಡೆದರಂತೆ. ತಲೆಗೆ ಸೀಗೆಕಾಯಿ ತಿಕ್ಕಿ ಎರಡು ಸಲ ನೀರು ಹುಯ್ದುಕೊಂಡರೂ ಮಾರನೇ ದಿನ ಹುಳು ಸಾಕುವ ವೆಂಕಟರತ್ನಮ್ಮ ಹೊಸ್ತಿಲಲ್ಲೇ ವಾಸನೆ ಹಿಡಿದರು. “ಏಮ್ಮಾ ತನುಜ, ಥಿನ್ನರ್ ಕುಡ್ಕೊಂಡ್ ಬಂದಿದೀಯಾ?” ಅಂತ ಕೇಳಿ, ಹೊಂಗೆ ಮರದ ಕೆಳಗೇ ನಿಲ್ಲಿಸಿದರು. ಟ್ರೇಗಳನ್ನು ಮನೆಯವರೇ ಹೊತ್ತೊಯ್ದರು. ಹುಳು ಉಳಿದವು. ತನುಜ ಬ್ರಷ್ಷನ್ನು ಮತ್ತೆ ಮುಟ್ಟಲಿಲ್ಲ. ಆ ಬಾಗಿಲನ್ನೂ ಉಜ್ಜಿ ಮೊದಲಿನಂತೆ ಬೂದಿ ಬಣ್ಣಕ್ಕೆ ತಂದರು. ಬಿಡುವಿನ ವಾರ ನೋಡಿ ಹೊಡೆಯೋಣವೆಂದರೆ ಬಿಡುವೇ ಇಲ್ಲ. ಒಬ್ಬರ ಮನೆಯ ಹುಳು ಗೂಡು ಕಟ್ಟುವ ಹೊತ್ತಿಗೆ ಇನ್ನೊಬ್ಬರ ಮನೆಗೆ ಹೊಸ ಹುಳು ಹೊರಟಿರುತ್ತದೆ.

ಇಂಥ ಹೊತ್ತಿನಲ್ಲಿ ಸಿಕ್ಕವರು ಮೋಹನ್‌ಬಾಬು. ಯಲಹಂಕದ ಕಡೆ ಕಾರು ಮಾಡಿಫೈ ಮಾಡುವ ಅಂಗಡಿ ಅವರದು. ಸ್ಕಂದಗಿರಿಗೆ ಬಂದವರು ಚಿಕ್ಕಬಳ್ಳಾಪುರದ ಹೋಟೆಲೊಂದರ ಮುಂದೆ ಈ ವ್ಯಾನು ಸದ್ದಿಲ್ಲದೆ ಬಂದು ನಿಂತದ್ದನ್ನು ಕಂಡು, ಬಿಳಿ ಪ್ಯಾಂಟಿನಲ್ಲೇ ಅದರಡಿಗೆ ನುಗ್ಗಿದರಂತೆ. ಎದ್ದು ಬಂದವರೇ ಕೆಲಸಕ್ಕೆ ಕರೆದರು. ಈಗಿನ ಸಂಬಳದ ಹೆಚ್ಚುಕಡಿಮೆ ಎರಡರಷ್ಟು. ಜತೆಗೆ, ಭಾನುವಾರ ನಿನ್ನ ಕಾರು ತಂದು ನಮ್ಮ ಪೇಂಟ್ ಬೂತಿನಲ್ಲೇ ಬಣ್ಣ ಹೊಡೆದುಕೋ ಎಂಬ ಮಾತು. ಉತ್ತರ ಹೇಳಬೇಕಾದ್ದು ಇವತ್ತು.

ದಾರಿಯಲ್ಲಿ ಕೇಳಿದೆ, ಆಸೆ ಇಲ್ವಾ ಅಂತ.

“ಇಲ್ಲ ಅಂದ್ರೆ ಸುಳ್ಳಾಯ್ತದೆ. ಕೆಂಪು ಕಾರಲ್ಲಿ ಅಮ್ಮನ್ನ ಕೂರುಸ್ಕಂಡು ಹೋಗೋ ಹಂಗೆ ಕನಸು ಬೀಳ್ತದೆ,” ಅಂದು ಗೇರ್ ಇಳಿಸಿದರು. “ಆದ್ರೆ ಅಲ್ಲಿ ಎಲ್ರೂ ತಿರುಗಿ ನೋಡೋ ಹಂಗೆ ಮಾಡ್ಬೇಕು. ಇಲ್ಲಿ ನಾನ್ ಮಾಡಿರೋದು ಹುಳಕ್ಕೂ ಗೊತ್ತಾಗಲ್ಲ. ಗೊತ್ತಾಗ್ದೇ ಇರೋದೇ ಕೆಲ್ಸ.”

ವೆಂಕಟರತ್ನಮ್ಮನ ಮನೆ ಬಂತು. ಈಗ ತನುಜ ಹೊಂಗೆ ಮರ ದಾಟಿ ನೇರ ಒಳಗೇ ಹೋಗುತ್ತಾರೆ. ಮೊದಲ ಟ್ರೇ ಎತ್ತಿಕೊಂಡರು, ಆಗಲೇ ಫೋನು. ಮೋಹನ್‌ಬಾಬು. ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು, ಮಗು ಮಲಗಿರುವ ಮನೆಯಲ್ಲಿ ಮಾತಾಡುವ ದನಿಯಲ್ಲಿ ಅಂದರು: “ಬರಲ್ಲ ಸಾರ್. ಬೇಜಾರ್ ಮಾಡ್ಕೋಬೇಡಿ.” ಆ ಕಡೆಯಿಂದ ಏನೋ ಕೇಳಿದರು. “ಇಲ್ಲ ಸಾರ್, ಹುಷಾರಾಗೇ ಇದೀನಿ. ಹುಳ ಮಲ್ಗವೆ, ಅದುಕ್ಕೆ ಮೆಲ್ಲಗೆ ಮಾತಾಡ್ತಿದೀನಿ.”

ವೆಂಕಟರತ್ನಮ್ಮ ಟ್ರೇ ಇಳಿಸಿಕೊಂಡು, ಈ ಊರಿನವರೆಲ್ಲ ಮಾತಾಡಿಕೊಂಡು ಒಂದು ಬೆಳೆ ಯಾರೂ ಹುಳು ಸಾಕದೆ ಬಿಟ್ಟರೆ ಬಣ್ಣ ಒಣಗಲು ಸಮಯ ಸಿಗುತ್ತದಾ ಅಂತ ವಿಚಾರಿಸಿದರು. ತನುಜ ನಕ್ಕು ಎರಡನೇ ಟ್ರೇಗೆ ಹೊರಟರು.

ಕೈಯಲ್ಲಿ ಮಲಗಿದ ಹುಳು, ಕಿವಿಯಲ್ಲಿ ಆ ಫೋನು, ಶೆಡ್ಡಿನಲ್ಲಿ ಕೆಂಪು ಡಬ್ಬಿ. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?